ಹಾಲಿನ ಸಕ್ಕರೆಯ ಅಸಹಿಷ್ಣುತೆ ಮತ್ತು ಹಾಲನ್ನು ಮತ್ತೆ ಅಭ್ಯಾಸ ಮಾಡಿಕೊಳ್ಳುವ ಕ್ರಮ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಗುಡುಗುಟ್ಟುತ್ತದೆ, ಭೇದಿಯಾಗುತ್ತದೆ ಎಂಬ ಕಾರಣದಿಂದ ಹಾಲನ್ನು ಸಂಪೂರ್ಣವಾಗಿ ತ್ಯಜಿಸಿದವರು ಅನೇಕರಿದ್ದಾರೆ. ಇವರಲ್ಲಿ ಕೆಲವರು ಮೊಸರು, ಮಜ್ಜಿಗೆಯನ್ನೂ ಬಿಟ್ಟಿರುತ್ತಾರೆ. ತಮಗೆ ಒಗ್ಗಲಿಲ್ಲವೆಂದು ಮಕ್ಕಳಿಗೂ ಹಾಲು ಕೊಡದಿರುವ ಪೋಷಕರಿದ್ದಾರೆ. ಇದಕ್ಕೆ ವಿರುದ್ಧವಾಗಿ, ಹಾಲು ಪುಷ್ಟಿಕರವೆಂಬ ಒಂದೇ ನಂಬಿಕೆಯಿಂದ ಪ್ರತಿದಿನ ಹೊಟ್ಟೆನೋವನ್ನು ಸಹಿಸಿಕೊಂಡು ಕುಡಿಯುವವರೂ ಇದ್ದಾರೆ. ಈ ಎರಡೂ ಕ್ರಮಗಳು ಅನಗತ್ಯ.

ಹಾಲಿನ ಸಕ್ಕರೆಯ ಅಸಹಿಷ್ಣುತೆಯುಳ್ಳ ಬಹುಪಾಲು ಜನರು ಸರಿಯಾದ ಕ್ರಮವನ್ನು ಅನುಸರಿಸಿದಲ್ಲಿ ಸ್ವಲ್ಪ ಪ್ರಮಾಣದ ಹಾಲನ್ನು ಮತ್ತೆ ತೊಂದರೆಯಿಲ್ಲದೆ ಸೇವಿಸಬಹುದು. ಅದು ಹೇಗೆ, ಯಾರು ಇದನ್ನು ಪ್ರಯತ್ನಿಸಬಹುದು, ಯಾರು ಪ್ರಯತ್ನಿಸಬಾರದು ಎಂಬ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ನೀಡಲಾಗಿದೆ.

2. ಅಸಹಿಷ್ಣುತೆ ಎಂದರೇನು?

ಹಾಲಿನಲ್ಲಿ ಸ್ವಾಭಾವಿಕವಾಗಿ ಇರುವ ಸಕ್ಕರೆಗೆ ಲ್ಯಾಕ್ಟೋಸ್ ಎಂದು ಹೆಸರು. 100 ಮಿ.ಲೀ. ಹಸುವಿನ ಹಾಲಿನಲ್ಲಿ ಇದು ಸುಮಾರು 4.5ರಿಂದ 5 ಗ್ರಾಂ ಇರುತ್ತದೆ. ಎಮ್ಮೆಯ ಹಾಲಿನಲ್ಲಿಯೂ ಹೆಚ್ಚುಕಡಿಮೆ ಇಷ್ಟೇ. ತಾಯಿಯ ಹಾಲಿನಲ್ಲಿ ಇದು ಇನ್ನೂ ಹೆಚ್ಚು, ಅಂದರೆ ಸುಮಾರು 7 ಗ್ರಾಂ.

ಲ್ಯಾಕ್ಟೋಸ್ ಇದ್ದ ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ. ಸಣ್ಣ ಕರುಳಿನ ಒಳಪದರದಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವವು ಅದನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆಯಬೇಕು. ಲ್ಯಾಕ್ಟೋಸ್ ಎಂಬುದು ಸಕ್ಕರೆ, ಲ್ಯಾಕ್ಟೇಸ್ ಎಂಬುದು ಅದನ್ನು ಒಡೆಯುವ ಕಿಣ್ವ. ಹೆಸರುಗಳು ಸಮೀಪವಾಗಿರುವುದರಿಂದ ಓದುಗರು ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಕಿಣ್ವದ ಪ್ರಮಾಣ ಸಾಲದಿದ್ದಾಗ ಒಡೆಯದೆ ಉಳಿದ ಲ್ಯಾಕ್ಟೋಸ್ ನೀರನ್ನು ತನ್ನೊಡನೆ ಎಳೆದುಕೊಂಡು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಹೀಗೆ ಉತ್ಪತ್ತಿಯಾಗುವ ಅನಿಲದಿಂದ ಹೊಟ್ಟೆಯುಬ್ಬರ, ವಾಯು, ನುಲಿತ ಉಂಟಾಗುತ್ತವೆ. ನೀರಿನ ಅಂಶ ಹೆಚ್ಚಾದಲ್ಲಿ ಭೇದಿಯಾಗುತ್ತದೆ. ಸಾಮಾನ್ಯವಾಗಿ ಹಾಲು ಕುಡಿದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ಈ ಲಕ್ಷಣಗಳು ಕಾಣಿಸುತ್ತವೆ. ಇದು ಕಿರಿಕಿರಿಯ ಸಂಗತಿ ಹೌದು. ಆದರೆ ಇದರಿಂದ ಕರುಳಿಗೆ ಶಾಶ್ವತವಾದ ಹಾನಿ ಏನೂ ಆಗುವುದಿಲ್ಲ.

3. ಅಸಹಿಷ್ಣುತೆಯ ವಿಧಗಳು

(ಅ) ಪ್ರಾಥಮಿಕ ವಿಧ: ಎದೆಹಾಲು ಬಿಡಿಸಿದ ನಂತರ ವಯಸ್ಸಾದಂತೆ ಲ್ಯಾಕ್ಟೇಸ್ ಕಿಣ್ವ ಕ್ರಮೇಣ ಕಡಿಮೆಯಾಗುವುದು. ಸಸ್ತನಿಗಳಲ್ಲೆಲ್ಲ ಇದು ಸಹಜವಾದ ಕ್ರಮ. ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರನೇ ಎರಡರಷ್ಟು ಜನರಲ್ಲಿ ಹೀಗೆಯೇ ಆಗುತ್ತದೆ. ಆದುದರಿಂದ ಇದನ್ನು ರೋಗವೆಂದು ಕರೆಯುವುದು ಸರಿಯಲ್ಲ. ಸಾಮಾನ್ಯವಾಗಿ ಐದು ವರ್ಷಕ್ಕೆ ಮೊದಲು ಇದರ ಲಕ್ಷಣಗಳು ಕಾಣುವುದು ಕಡಿಮೆ.

(ಆ) ದ್ವಿತೀಯಕ ವಿಧ: ತೀವ್ರ ಭೇದಿ, ಜಿಯಾರ್ಡಿಯಾದಂತಹ ಸೋಂಕು, ಗೋಧಿಯ ಅಂಶದಿಂದ ಉಂಟಾಗುವ ಸೀಲಿಯಾಕ್ ಕಾಯಿಲೆ ಮುಂತಾದವುಗಳಿಂದ ಸಣ್ಣ ಕರುಳಿನ ಒಳಪದರ ಹಾಳಾದಾಗ ಕಿಣ್ವವೂ ಕಡಿಮೆಯಾಗುವುದು. ಇದು ತಾತ್ಕಾಲಿಕ. ಮೂಲ ಕಾರಣಕ್ಕೆ ಚಿಕಿತ್ಸೆಯಾಗಿ ಒಳಪದರ ಮತ್ತೆ ಬೆಳೆದಾಗ ಕಿಣ್ವವೂ ಮರಳುತ್ತದೆ. ಸಾಮಾನ್ಯ ಭೇದಿಯ ನಂತರ ಇದಕ್ಕೆ ಕೆಲವು ದಿನಗಳಿಂದ ಕೆಲವು ವಾರಗಳು ಸಾಕು.

(ಇ) ಜನ್ಮಜಾತ ವಿಧ: ಹುಟ್ಟಿನಿಂದಲೇ ಕಿಣ್ವ ಇಲ್ಲದಿರುವುದು. ಇದು ಅತ್ಯಂತ ವಿರಳ. ಇಂತಹ ಶಿಶುವಿಗೆ ಮೊದಲ ದಿನಗಳಿಂದಲೇ ತಜ್ಞ ವೈದ್ಯರ ಚಿಕಿತ್ಸೆ ಬೇಕಾಗುತ್ತದೆ.

ಕೆಲವರಲ್ಲಿ ಜೀವನಪರ್ಯಂತ ಕಿಣ್ವ ಉಳಿಯಲು ವಂಶವಾಹಿಯಲ್ಲಿನ ಒಂದು ಸಣ್ಣ ಬದಲಾವಣೆ ಕಾರಣವೆಂದು 2002ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಪತ್ತೆ ಹಚ್ಚಿದರು. ಭಾರತದ ಅನೇಕ ಸಮುದಾಯಗಳ ಮಾದರಿಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದೇ ಬದಲಾವಣೆ ದೇಶದ ವಾಯವ್ಯ ಭಾಗದಲ್ಲಿ ಹೆಚ್ಚಾಗಿಯೂ, ಆಗ್ನೇಯದ ಕಡೆಗೆ ಬಂದಂತೆ ಕಡಿಮೆಯಾಗಿಯೂ ಕಂಡುಬಂದಿದೆ. ದಕ್ಷಿಣದಲ್ಲಿದ್ದರೂ ನೀಲಗಿರಿಯ ತೋಡರಲ್ಲಿ ಇದು ಬಹಳ ಹೆಚ್ಚು. ಅವರು ತಲೆತಲಾಂತರದಿಂದ ಎಮ್ಮೆ ಸಾಕಿ ಹಾಲಿನ ಮೇಲೆ ಬದುಕಿದವರು. ಹೀಗಾಗಿ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಒಬ್ಬರಿಗೆ ಒಗ್ಗಿದ ಹಾಲು ಇನ್ನೊಬ್ಬರಿಗೆ ಒಗ್ಗದಿರುವುದರಲ್ಲಿ ಆಶ್ಚರ್ಯವಿಲ್ಲ.

4. ಹಾಲಿನ ಅಲರ್ಜಿ ಬೇರೆ (ಮುಖ್ಯ ಸೂಚನೆ)

ಅಸಹಿಷ್ಣುತೆಯು ಹಾಲಿನ ಸಕ್ಕರೆಗೆ ಸಂಬಂಧಿಸಿದ್ದು. ಅಲರ್ಜಿಯು ಹಾಲಿನ ಪ್ರೋಟೀನಿಗೆ ಸಂಬಂಧಿಸಿದ್ದು. ಅದು ದೇಹದ ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆ. ಹಾಲು ಸೇವಿಸಿದ ನಂತರ ಮೈಮೇಲೆ ದದ್ದು, ತುಟಿ ಅಥವಾ ಮುಖದ ಊತ, ಉಬ್ಬಸ, ಪದೇ ಪದೇ ವಾಂತಿ, ಶಿಶುಗಳಲ್ಲಿ ಮಲದೊಡನೆ ರಕ್ತ ಕಂಡುಬಂದಲ್ಲಿ ಅಲರ್ಜಿಯನ್ನು ಶಂಕಿಸಬೇಕು. ಅಲರ್ಜಿಯುಳ್ಳವರಿಗೆ ಒಂದು ಚಮಚ ಹಾಲು ಕೂಡ ಅಪಾಯಕಾರಿಯಾಗಬಹುದು. ಲ್ಯಾಕ್ಟೋಸ್ ರಹಿತ ಹಾಲಿನಲ್ಲಿಯೂ ಪ್ರೋಟೀನು ಇದ್ದೇ ಇರುತ್ತದೆ. ಆದುದರಿಂದ ಅದು ಅಲರ್ಜಿಗೆ ಪರಿಹಾರವಲ್ಲ.

ಈ ಲೇಖನದ 7ನೇ ಕಂಡಿಕೆಯಲ್ಲಿ ವಿವರಿಸಿರುವ ಅಭ್ಯಾಸ ಕ್ರಮವನ್ನು ಅಲರ್ಜಿಯುಳ್ಳವರು ಯಾವ ಕಾರಣಕ್ಕೂ ಮನೆಯಲ್ಲಿ ಪ್ರಯತ್ನಿಸಕೂಡದು. ಉಸಿರಾಟಕ್ಕೆ ತೊಂದರೆಯಾದಲ್ಲಿ ಕೂಡಲೇ 108 ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆಗೆ ಹೋಗತಕ್ಕದ್ದು.

5. ಪತ್ತೆ ಹಚ್ಚುವ ವಿಧಾನ

ಎರಡು ವಾರ ಹಾಲು ಮತ್ತು ಹಾಲಿನ ಸಿಹಿತಿಂಡಿಗಳನ್ನು ನಿಲ್ಲಿಸಿದಾಗ ಲಕ್ಷಣಗಳು ಕಡಿಮೆಯಾಗಿ, ಮತ್ತೆ ಸೇವಿಸಿದಾಗ ಮರುಕಳಿಸಿದಲ್ಲಿ ಅಸಹಿಷ್ಣುತೆಯ ಸಂಭವವಿದೆ. ಖಚಿತಪಡಿಸಿಕೊಳ್ಳಲು ಉಸಿರಿನ ಪರೀಕ್ಷೆ ಮಾಡಲಾಗುತ್ತದೆ. ರಾತ್ರಿಯಿಂದ ಉಪವಾಸವಿದ್ದು ಬಂದವರಿಗೆ ಸಾಮಾನ್ಯವಾಗಿ 25 ಅಥವಾ 50 ಗ್ರಾಂ ಲ್ಯಾಕ್ಟೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಸುಮಾರು ಮೂರು ಗಂಟೆಗಳ ಕಾಲ ಆಗಾಗ ಉಸಿರಿನಲ್ಲಿರುವ ಹೈಡ್ರೋಜನ್ ಪ್ರಮಾಣವನ್ನು ಅಳೆಯುತ್ತಾರೆ. ಮೊದಲಿನ ಅಳತೆಗಿಂತ ಹತ್ತು ಲಕ್ಷಕ್ಕೆ 20 ಭಾಗದಷ್ಟು ಏರಿದಲ್ಲಿ ಲ್ಯಾಕ್ಟೋಸ್ ಜೀರ್ಣವಾಗುತ್ತಿಲ್ಲವೆಂದು ಪರಿಗಣಿಸಲಾಗುತ್ತದೆ.

ಜೀರ್ಣವಾಗದಿರುವುದು ಬೇರೆ, ತೊಂದರೆಯಾಗುವುದು ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. 25 ಗ್ರಾಂ ಎಂದರೆ ಅರ್ಧ ಲೀಟರಿಗೂ ಹೆಚ್ಚು ಹಾಲನ್ನು ಬರಿ ಹೊಟ್ಟೆಯಲ್ಲಿ ಒಮ್ಮೆಗೇ ಕುಡಿದಂತೆ. ದಿನನಿತ್ಯ ಯಾರೂ ಹಾಗೆ ಕುಡಿಯುವುದಿಲ್ಲ. ಆದುದರಿಂದ ಪರೀಕ್ಷೆಯಲ್ಲಿ ಅಸಹಿಷ್ಣುತೆ ಕಂಡುಬಂದ ಮಾತ್ರಕ್ಕೆ ಹಾಲಿಗೆ ಸಂಪೂರ್ಣ ನಿಷೇಧ ಬೇಕಾಗಿಲ್ಲ.

6. ಮತ್ತೆ ಅಭ್ಯಾಸ ಮಾಡಿಕೊಳ್ಳಲು ಸಾಧ್ಯವೇ? ವೈಜ್ಞಾನಿಕ ಆಧಾರ

ಪ್ರಾಥಮಿಕ ವಿಧದಲ್ಲಿ ಕಡಿಮೆಯಾದ ಲ್ಯಾಕ್ಟೇಸ್ ಕಿಣ್ವವು ಹಾಲು ಕುಡಿಯುವುದರಿಂದ ಮತ್ತೆ ಹೆಚ್ಚಾಗುವುದಿಲ್ಲ. ಅದನ್ನು ಹೆಚ್ಚಿಸುವುದಾಗಿ ಹೇಳಿ ಮಾರುವ ಯಾವ ಚೂರ್ಣ, ಲೇಹ್ಯಕ್ಕೂ ಹಣ ವ್ಯಯಿಸಬೇಕಾಗಿಲ್ಲ. ಹೆಚ್ಚಿಸಿಕೊಳ್ಳಲು ಸಾಧ್ಯವಿರುವುದು ದೊಡ್ಡ ಕರುಳಿನ ಸಾಮರ್ಥ್ಯ. ದಿನವೂ ಸ್ವಲ್ಪ ಸ್ವಲ್ಪ ಲ್ಯಾಕ್ಟೋಸ್ ತಲುಪುತ್ತಿದ್ದಲ್ಲಿ, ಹೆಚ್ಚು ಅನಿಲವಿಲ್ಲದೆ ಅದನ್ನು ಬಳಸಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳು ಅಲ್ಲಿ ವೃದ್ಧಿಯಾಗುತ್ತವೆ. ಕಿಣ್ವದ ಕೊರತೆ ಹಾಗೆಯೇ ಇದ್ದರೂ ತೊಂದರೆ ಕಡಿಮೆಯಾಗುತ್ತದೆ.

ಇದಕ್ಕೆ ಆಧಾರವಾದ ಕೆಲವು ಅಧ್ಯಯನಗಳು ಈ ಕೆಳಕಂಡಂತಿವೆ:

(ಅ) 1995ರಲ್ಲಿ ಅಮೆರಿಕದಲ್ಲಿ, ತಮಗೆ ಹಾಲು ಸ್ವಲ್ಪವೂ ಆಗದೆಂದು ಹೇಳಿದ 30 ಮಂದಿಗೆ ದಿನವೂ ಬೆಳಗಿನ ಉಪಾಹಾರದೊಡನೆ 240 ಮಿ.ಲೀ. ಹಾಲು ಕೊಡಲಾಯಿತು. ಒಂದು ವಾರ ಸಾಮಾನ್ಯ ಹಾಲು, ಇನ್ನೊಂದು ವಾರ ಲ್ಯಾಕ್ಟೋಸನ್ನು ಮೊದಲೇ ಒಡೆದ ಹಾಲು. ಯಾವುದು ಯಾವುದೆಂದು ಅವರಿಗೆ ತಿಳಿಸಿರಲಿಲ್ಲ. ಎರಡೂ ವಾರಗಳಲ್ಲಿ ತೊಂದರೆಗಳು ಅಲ್ಪವಾಗಿದ್ದು, ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅಷ್ಟೇ ಅಲ್ಲದೆ, ಅವರಲ್ಲಿ 9 ಮಂದಿ ಲ್ಯಾಕ್ಟೋಸನ್ನು ಸರಿಯಾಗಿಯೇ ಜೀರ್ಣಿಸಿಕೊಳ್ಳುತ್ತಿದ್ದರೆಂದು ಉಸಿರಿನ ಪರೀಕ್ಷೆಯಿಂದ ತಿಳಿದುಬಂದಿತು.

(ಆ) 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಲ್ಯಾಕ್ಟೋಸ್ ಸೇವಿಸಿದವರ ಮಲದಲ್ಲಿ ಅದನ್ನು ಒಡೆಯುವ ಬ್ಯಾಕ್ಟೀರಿಯಾ ಕಿಣ್ವದ ಚಟುವಟಿಕೆ ಸುಮಾರು ಮೂರು ಪಟ್ಟು ಹೆಚ್ಚಿತು. ಲ್ಯಾಕ್ಟೋಸ್ ನಿಲ್ಲಿಸಿದ 48 ಗಂಟೆಗಳೊಳಗೆ ಅದು ಮೊದಲಿನ ಮಟ್ಟಕ್ಕೆ ಇಳಿಯಿತು.

(ಇ) 1997ರಲ್ಲಿ ಫ್ರಾನ್ಸಿನ ಸಂಶೋಧಕರು ಒಂದು ಗುಂಪಿಗೆ ಲ್ಯಾಕ್ಟೋಸ್, ಇನ್ನೊಂದು ಗುಂಪಿಗೆ ಸಾಧಾರಣ ಸಕ್ಕರೆ ಕೊಟ್ಟು ನೋಡಿದರು. ಕರುಳಿನ ಹೊಂದಾಣಿಕೆ ಲ್ಯಾಕ್ಟೋಸ್ ಪಡೆದವರಲ್ಲಿ ಕಂಡುಬಂದಿತಾದರೂ, ತೊಂದರೆ ಕಡಿಮೆಯಾದದ್ದು ಎರಡೂ ಗುಂಪುಗಳಲ್ಲಿ. ಅಂದರೆ ಭಯ ಕಡಿಮೆಯಾಗುವುದೂ ಪರಿಹಾರದ ಒಂದು ಭಾಗವೆಂದು ತಿಳಿಯಬಹುದು.

(ಈ) 2010ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದಿದ್ದ ತಜ್ಞರ ಸಭೆಯು, ಜೀರ್ಣಶಕ್ತಿ ಕಡಿಮೆಯಿರುವವರಲ್ಲಿ ಹೆಚ್ಚಿನವರು ಒಮ್ಮೆಗೆ ಸುಮಾರು 12 ಗ್ರಾಂ ಲ್ಯಾಕ್ಟೋಸನ್ನು, ಅಂದರೆ 240 ಮಿ.ಲೀ. ಹಾಲಿನಲ್ಲಿರುವಷ್ಟನ್ನು, ತೊಂದರೆಯಿಲ್ಲದೆ ಅಥವಾ ಅಲ್ಪ ತೊಂದರೆಯೊಡನೆ ಸಹಿಸಬಲ್ಲರೆಂದು ಅಭಿಪ್ರಾಯಪಟ್ಟಿತು.

7. ಅನುಸರಿಸಬೇಕಾದ ಕ್ರಮ

ಈ ಕ್ರಮವು ವಯಸ್ಕರಿಗೆ ಅನ್ವಯಿಸುತ್ತದೆ. ಭೇದಿ, ಜ್ವರ ಇರುವಾಗ ಆರಂಭಿಸಬಾರದು. ಮಧುಮೇಹಿಗಳು, ಗರ್ಭಿಣಿಯರು ಹಾಗೂ ದೀರ್ಘಕಾಲದ ಕರುಳಿನ ಕಾಯಿಲೆಯುಳ್ಳವರು ಮೊದಲು ವೈದ್ಯರನ್ನು ಕೇಳಿಕೊಳ್ಳುವುದು.

ಮೊದಲ ವಾರ: ಹಾಲು ಬೇಡ. ಊಟದೊಡನೆ ತಿಳಿ ಮಜ್ಜಿಗೆ, ನಂತರ ಅರ್ಧ ಬಟ್ಟಲು ಮೊಸರು.

ಒಂದನೇ ಹಂತ: ಊಟ ಅಥವಾ ತಿಂಡಿಯೊಡನೆ ದಿನಕ್ಕೊಮ್ಮೆ 30 ಮಿ.ಲೀ. ಹಾಲು (ಸುಮಾರು 1.5 ಗ್ರಾಂ ಲ್ಯಾಕ್ಟೋಸ್).

ಎರಡನೇ ಹಂತ: 60 ಮಿ.ಲೀ. (ಸುಮಾರು 3 ಗ್ರಾಂ).

ಮೂರನೇ ಹಂತ: 100 ಮಿ.ಲೀ. (ಸುಮಾರು 5 ಗ್ರಾಂ).

ನಾಲ್ಕನೇ ಹಂತ: 150 ಮಿ.ಲೀ. (ಸುಮಾರು 7 ಗ್ರಾಂ).

ಐದನೇ ಹಂತ: ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಪ್ರತಿ ಬಾರಿ 100ರಿಂದ 125 ಮಿ.ಲೀ.

ಪ್ರತಿ ಹಂತದಲ್ಲಿ ಕನಿಷ್ಠ ನಾಲ್ಕು ದಿನ ಇರಬೇಕು. ಅವಸರ ಮಾಡಬಾರದು.

ಗಮನಿಸಬೇಕಾದ ಅಂಶಗಳು:

(ಅ) ಬರಿ ಹೊಟ್ಟೆಯಲ್ಲಿ ಹಾಲು ಕುಡಿಯಬಾರದು. ಆಹಾರದೊಡನೆ ಸೇವಿಸಿದಾಗ ಹಾಲು ಜಠರದಿಂದ ನಿಧಾನವಾಗಿ ಇಳಿಯುವುದರಿಂದ, ಇರುವ ಅಲ್ಪ ಕಿಣ್ವಕ್ಕೂ ಕೆಲಸ ಮಾಡಲು ಸಮಯ ಸಿಗುತ್ತದೆ. ರಾಗಿ ಅಂಬಲಿ, ಗಂಜಿ, ಅವಲಕ್ಕಿಯೊಡನೆ ಬೆರೆಸಿಕೊಳ್ಳುವುದು ಉತ್ತಮ.

(ಆ) ಸ್ವಲ್ಪ ವಾಯು ಕಂಡುಬಂದಲ್ಲಿ ಅದೇ ಹಂತದಲ್ಲಿ ಮುಂದುವರಿಯಬಹುದು. ನೋವು ಅಥವಾ ಭೇದಿಯಾದಲ್ಲಿ ಹಿಂದಿನ ಹಂತಕ್ಕೆ ಮರಳಿ ಒಂದು ವಾರ ಅಲ್ಲಿಯೇ ಇರುವುದು.

(ಇ) ಕಾಫಿ, ಚಹಾದ ಹಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಚೇರಿಯಲ್ಲಿ ನಾಲ್ಕು ಬಾರಿ ಕಾಫಿ ಕುಡಿದು, ಮನೆಯಲ್ಲಿ ಕುಡಿದ ಎರಡು ಚಮಚ ಹಾಲಿನ ಮೇಲೆ ಆಪಾದನೆ ಹೊರಿಸುವವರು ಉಂಟು.

(ಈ) ಒಂದು ಚಿಕ್ಕ ಪುಸ್ತಕದಲ್ಲಿ ದಿನಾಂಕ, ಸಮಯ, ಹಾಲಿನ ಪ್ರಮಾಣ, ಜೊತೆಯಲ್ಲಿ ತಿಂದ ಆಹಾರ, ಆದ ತೊಂದರೆ ಎಂಬ ಐದು ಅಂಕಣಗಳನ್ನು ಎಳೆದು ಪ್ರತಿದಿನ ಬರೆದಿಡುವುದು. ನೆನಪನ್ನು ನಂಬಿದರೆ ಒಂದು ಕೆಟ್ಟ ದಿನವೇ ಇಡೀ ತಿಂಗಳಾಗಿ ಕಾಣುತ್ತದೆ; ಬರೆದ ಲೆಕ್ಕ ಹಾಗೆ ಮಾಡುವುದಿಲ್ಲ.

(ಉ) ಅಭ್ಯಾಸ ಸಾಧಿಸಿದ ನಂತರ ಪ್ರತಿದಿನ ಸ್ವಲ್ಪವಾದರೂ ಸೇವಿಸುತ್ತಿರಬೇಕು. ನಿಲ್ಲಿಸಿದಲ್ಲಿ ಹೊಂದಾಣಿಕೆ ಬೇಗ ಕುಂದುತ್ತದೆ. ಪ್ರವಾಸ, ಕಾಯಿಲೆ ಮುಂತಾದ ಕಾರಣಗಳಿಂದ ನಿಂತುಹೋದಲ್ಲಿ ಎರಡು ಹಂತ ಕೆಳಗಿನಿಂದ ಮತ್ತೆ ಆರಂಭಿಸುವುದು.

8. ಮೊಸರು, ಮಜ್ಜಿಗೆ ಮತ್ತು ಇತರ ಪದಾರ್ಥಗಳು

ಹೆಪ್ಪು ಹಾಕಿದಾಗ ಹಾಲಿನ ಲ್ಯಾಕ್ಟೋಸಿನ ಒಂದು ಭಾಗವಷ್ಟೇ ಕಡಿಮೆಯಾಗುತ್ತದೆ. ಆದರೂ ಮೊಸರು ಒಗ್ಗುವುದೇಕೆಂದರೆ, ಅದರಲ್ಲಿರುವ ಜೀವಂತ ಬ್ಯಾಕ್ಟೀರಿಯಾಗಳು ತಮ್ಮದೇ ಕಿಣ್ವವನ್ನು ಹೊತ್ತು ತಂದು ನಮ್ಮ ಕರುಳಿನಲ್ಲಿ ಉಳಿದ ಲ್ಯಾಕ್ಟೋಸನ್ನು ಒಡೆಯುತ್ತವೆ. ಯೋಗರ್ಟ್ ಎಂಬ ಬಗೆಯ ಮೊಸರಿನ ಈ ಗುಣವನ್ನು ಅಮೆರಿಕದ ಸಂಶೋಧಕರು 1984ರಲ್ಲಿ ತೋರಿಸಿಕೊಟ್ಟರು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2010ರಲ್ಲಿ ಇದನ್ನು ಒಪ್ಪಿತು.

ಇದರಿಂದ ಅಡುಗೆಮನೆಗೆ ಒಂದು ಪಾಠವಿದೆ. ಮೊಸರನ್ನು ಕುದಿಸಿದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆದುದರಿಂದ ಮಜ್ಜಿಗೆ ಹುಳಿಗಿಂತ ಮೊಸರನ್ನ, ತಂಬುಳಿ, ನೀರು ಮಜ್ಜಿಗೆಗಳು ಇಂತಹವರಿಗೆ ಹೆಚ್ಚು ಹಿತ. ಮೊಸರನ್ನಕ್ಕೂ ಅನ್ನ ಆರಿದ ಮೇಲೆ ಮೊಸರು ಬೆರೆಸುವುದು ಒಳ್ಳೆಯದು. ಹುಳಿ ಕಡಿಮೆಯಾಗಲೆಂದು ಮೊಸರನ್ನಕ್ಕೆ ಹಾಲು ಸೇರಿಸುವ ಪದ್ಧತಿಯಿರುವ ಮನೆಗಳಲ್ಲಿ ಆ ಹಾಲನ್ನೂ ಲೆಕ್ಕಕ್ಕೆ ಸೇರಿಸಬೇಕು.

ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ, ಬೆಣ್ಣೆಯಲ್ಲಿ ಅತ್ಯಲ್ಪ. ಒಡೆದ ಹಾಲಿನ ನೀರು ಹೊರಹೋಗುವುದರಿಂದ ಪನೀರಿನಲ್ಲಿಯೂ ಕಡಿಮೆ. ಹಾಲನ್ನು ಬತ್ತಿಸಿ ಮಾಡಿದ ಖೋವಾ, ಪೇಡಾ, ಬಾಸುಂದಿಗಳಲ್ಲಿ ಮತ್ತು ಹಾಲಿನ ಪುಡಿಯಲ್ಲಿ ಲ್ಯಾಕ್ಟೋಸ್ ಸಾಂದ್ರವಾಗಿರುತ್ತದೆ. ಮದುವೆ ಮನೆಯ ಎರಡು ಪೇಡಾ ತಿಂದು ಹೊಟ್ಟೆ ಕೆಟ್ಟಿತೆಂದು ಮನೆಯ ಮಜ್ಜಿಗೆಯನ್ನು ಬಿಡುವುದು ಸರಿಯಾದ ನಿರ್ಣಯವಲ್ಲ.

9. ಒಂದು ನಿದರ್ಶನ

ಈ ಮಾಹಿತಿಯನ್ನು ಸಿದ್ಧಪಡಿಸಿದ ಶಾಖಾಧಿಕಾರಿಯ ಮನೆಯ ಪ್ರಸಂಗವೊಂದನ್ನು ಇಲ್ಲಿ ನಮೂದಿಸುವುದು ಅಪ್ರಸ್ತುತವಾಗಲಾರದು. ಅವರ ತಾಯಿಯವರಿಗೆ 59ನೇ ವಯಸ್ಸಿನಲ್ಲಿ ಊರ ಜಾತ್ರೆಯಿಂದ ಬಂದ ಮೇಲೆ ತೀವ್ರ ಭೇದಿಯಾಯಿತು. ಚಿಕಿತ್ಸೆ ನೀಡಿದ ವೈದ್ಯರು "ಕೆಲವು ದಿನ ಹಾಲು ಬೇಡ" ಎಂದರು. ಎಷ್ಟು ದಿನ ಎಂದು ವೈದ್ಯರು ಹೇಳಲಿಲ್ಲ, ಮನೆಯವರು ಕೇಳಲೂ ಇಲ್ಲ. ಒಂದು ತಿಂಗಳ ನಂತರ ಬರಿ ಹೊಟ್ಟೆಯಲ್ಲಿ ಒಂದು ಲೋಟ ಹಾಲು ಕುಡಿದು ನೋಡಿದಾಗ ಹೊಟ್ಟೆ ಗುಡುಗುಟ್ಟಿತು. ಅಂದಿನಿಂದ ಹಾಲು ನಿಂತಿತು. ಮುಂದೆ ಮೊಸರೂ ನಿಂತಿತು. ಅವಧಿ ನಮೂದಿಸದ ಆದೇಶದಂತೆ ಆ "ಕೆಲವು ದಿನ" ಒಂಬತ್ತು ವರ್ಷ ಜಾರಿಯಲ್ಲಿತ್ತು.

68ನೇ ವಯಸ್ಸಿನಲ್ಲಿ ಬಚ್ಚಲಿನ ಹೊಸ್ತಿಲಲ್ಲಿ ಎಡವಿ ಬಿದ್ದು ಅವರ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಮೂಳೆಗಳು ಸವೆದಿವೆಯೆಂದು ಪರೀಕ್ಷೆಯಿಂದ ತಿಳಿಯಿತು. ಮುರಿತಕ್ಕೆ ಹಾಲು ಬಿಟ್ಟದ್ದೊಂದೇ ಕಾರಣವೆಂದು ಮೂಳೆ ತಜ್ಞರು ಹೇಳಲಿಲ್ಲ. ವಯಸ್ಸು, ಬಿಸಿಲಿಗೆ ಮೈಯೊಡ್ಡದಿರುವುದು ಇವೂ ಸೇರಿದ್ದವು. ಆದರೆ ದಿನವೂ ಏನೇನು ತಿನ್ನುತ್ತೀರಿ ಎಂದು ಅವರು ಕೇಳಿ ಬರೆದುಕೊಂಡ ಪಟ್ಟಿಯಲ್ಲಿ ಅನ್ನ, ತಿಳಿ ಸಾರು, ಪಲ್ಯಗಳ ಹೊರತು ಕ್ಯಾಲ್ಸಿಯಂ ಒದಗಿಸುವ ಪದಾರ್ಥ ಒಂದೂ ಇರಲಿಲ್ಲ. ಲೆಕ್ಕಪತ್ರ ನೋಡುವುದೇ ವೃತ್ತಿಯಾಗಿದ್ದ ಮಗ ಒಂಬತ್ತು ವರ್ಷ ಅದೇ ಮನೆಯಲ್ಲಿ ಊಟ ಮಾಡಿದ್ದರೂ ಆ ಪಟ್ಟಿಯನ್ನು ಒಮ್ಮೆಯೂ ಹಾಕಿ ನೋಡಿರಲಿಲ್ಲ.

ಔಷಧದೊಡನೆ, ವೈದ್ಯರ ಸಲಹೆಯಂತೆ ನೀರು ಮಜ್ಜಿಗೆಯಿಂದ ಆರಂಭಿಸಿ, ರಾಗಿ ಅಂಬಲಿಗೆ ಎರಡು ಚಮಚ ಹಾಲು ಬೆರೆಸುವ ಹಂತಕ್ಕೆ ಬಂದರು. ಎರಡು ಬಾರಿ ಹೊಟ್ಟೆಯುಬ್ಬರವಾಗಿ ಹಿಂದಿನ ಹಂತಕ್ಕೆ ಮರಳಬೇಕಾಯಿತು. ಪುಸ್ತಕದಲ್ಲಿ ನೋಡಲಾಗಿ ಆ ಎರಡೂ ದಿನ ನೆಂಟರ ಮನೆಯಲ್ಲಿ ಪಾಯಸ ಸೇವಿಸಿದ್ದರು. ಮೂರು ತಿಂಗಳಲ್ಲಿ ದಿನಕ್ಕೆ 150 ಮಿ.ಲೀ. ಹಾಲು ಮತ್ತು ಒಂದು ಬಟ್ಟಲು ಮೊಸರು ಒಗ್ಗಿತು. ಈಗಲೂ ಅದಕ್ಕಿಂತ ಹೆಚ್ಚು ಆಗುವುದಿಲ್ಲ. ಅಷ್ಟು ಅವರಿಗೆ ಸಾಕು.

10. ಮಕ್ಕಳಿಗೆ ಸಂಬಂಧಿಸಿದಂತೆ

(ಅ) ಶಾಲೆಯ ಹಾಲು: ರಾಜ್ಯದಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ತಯಾರಿಸಿದ 150 ಮಿ.ಲೀ. ಹಾಲು ನೀಡುವ ಕ್ರಮ ಜಾರಿಗೆ ಬಂದಿತು. 2024ರಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಬೆರೆಸಿ ಕೊಡುವುದೂ ಸೇರಿತು. ಇಷ್ಟು ಹಾಲಿನಲ್ಲಿ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಇದು ಹೆಚ್ಚಿನ ಮಕ್ಕಳಿಗೆ ಸಹ್ಯವಾದ ಪ್ರಮಾಣ.

ಹಾಲು ಕುಡಿದ ಮೇಲೆ ಮಗು ಹೊಟ್ಟೆನೋವೆಂದು ಹೇಳಿದಲ್ಲಿ ಕೂಡಲೇ ನಿಲ್ಲಿಸುವಂತೆ ಪತ್ರ ಕೊಡುವ ಮೊದಲು, ಮಗು ಮನೆಯಿಂದ ಏನಾದರೂ ತಿಂದು ಹೋಗುತ್ತಿದೆಯೇ ಎಂದು ಪೋಷಕರು ನೋಡಬೇಕು. ಬರಿ ಹೊಟ್ಟೆಯಲ್ಲಿ ಓಡೋಡಿ ಬಂದು ಗಟಗಟನೆ ಕುಡಿಯುವ ಮಗುವಿಗೆ ತೊಂದರೆ ಹೆಚ್ಚು. ಒಂದು ದೋಸೆ ಅಥವಾ ಒಂದು ಹಿಡಿ ಅವಲಕ್ಕಿ ತಿನ್ನಿಸಿ ಕಳುಹಿಸುವುದು, ಕೆಲವು ದಿನ ಅರ್ಧ ಲೋಟ ಮಾತ್ರ ಕೊಡುವಂತೆ ಶಿಕ್ಷಕರನ್ನು ಕೋರುವುದು ಮೊದಲ ಕ್ರಮವಾಗಲಿ. ಆದರೆ 4ನೇ ಕಂಡಿಕೆಯಲ್ಲಿ ಹೇಳಿರುವ ಅಲರ್ಜಿಯ ಲಕ್ಷಣಗಳಿದ್ದಲ್ಲಿ ಹಾಲನ್ನು ಕೂಡಲೇ ನಿಲ್ಲಿಸಿ, ಮಗುವನ್ನು ವೈದ್ಯರಿಗೆ ತೋರಿಸಿ, ವಿಷಯವನ್ನು ಮುಖ್ಯ ಶಿಕ್ಷಕರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಹೊಟ್ಟೆನೋವೆಂದು ಹೇಳುವ ಮಗುವಿಗೆ ಬಲವಂತವಾಗಿ ಕುಡಿಸಕೂಡದು.

(ಆ) ಭೇದಿಯಾದ ಶಿಶುಗಳು: ಭೇದಿಯಾದಾಗ ಎದೆಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಎದೆಹಾಲಿನಲ್ಲಿ ಲ್ಯಾಕ್ಟೋಸ್ ಹೆಚ್ಚೆಂಬುದು ಇದಕ್ಕೆ ಕಾರಣವಾಗದು. ಶಿಶುವಿಗೆ ನೀರು, ಪೋಷಣೆ ಮತ್ತು ಸೋಂಕಿನ ವಿರುದ್ಧ ರಕ್ಷಣೆ ಮೂರೂ ಅದರಿಂದಲೇ ದೊರೆಯುತ್ತವೆ. ಎದೆಹಾಲಿನೊಡನೆ ಓ.ಆರ್.ಎಸ್. ದ್ರಾವಣ ಹಾಗೂ ವೈದ್ಯರು ಅಥವಾ ಆರೋಗ್ಯ ಕಾರ್ಯಕರ್ತೆಯರು ಸೂಚಿಸಿದ ಜಿಂಕ್ ಮಾತ್ರೆಯನ್ನು ಕೊಡಬೇಕು. ಭೇದಿ ಎರಡು ವಾರ ಮೀರಿದಲ್ಲಿ, ಅಥವಾ ಮಗು ಸುಸ್ತಾಗಿ ಕಣ್ಣು ಗುಳಿಬಿದ್ದಲ್ಲಿ, ಮೂತ್ರ ಕಡಿಮೆಯಾದಲ್ಲಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಾಟಿ ಹಸುವಿನ ಹಾಲು ಅಥವಾ ಮೇಕೆಯ ಹಾಲಿನಿಂದ ಈ ತೊಂದರೆ ಬರುವುದಿಲ್ಲವೇ?
ಉತ್ತರ: ಎಲ್ಲ ತಳಿಯ ಹಸುಗಳ ಹಾಲಿನಲ್ಲಿಯೂ ಲ್ಯಾಕ್ಟೋಸ್ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ಎ2 ಎಂದು ಮಾರಾಟವಾಗುವ ಹಾಲಿನಲ್ಲಿ ವ್ಯತ್ಯಾಸವಿರುವುದು ಪ್ರೋಟೀನಿನಲ್ಲಿ, ಸಕ್ಕರೆಯಲ್ಲಿ ಅಲ್ಲ. ಮೇಕೆಯ ಹಾಲಿನಲ್ಲಿ ಸ್ವಲ್ಪ ಕಡಿಮೆಯಿದ್ದರೂ ಅದು ಗಣನೀಯವಲ್ಲ.

ಪ್ರಶ್ನೆ: ಚೆನ್ನಾಗಿ ಕುದಿಸಿದರೆ ಅಥವಾ ನೀರು ಬೆರೆಸಿದರೆ ಸರಿಹೋಗುವುದೇ?
ಉತ್ತರ: ಕುದಿಸುವುದರಿಂದ ಲ್ಯಾಕ್ಟೋಸ್ ಹೋಗುವುದಿಲ್ಲ. ಆದರೂ ಇತರ ಸೋಂಕುಗಳ ದೃಷ್ಟಿಯಿಂದ ಹಸಿ ಹಾಲನ್ನು ಕುದಿಸಿಯೇ ಬಳಸಬೇಕು. ನೀರು ಬೆರೆಸಿದಾಗ ಒಂದು ಲೋಟದಲ್ಲಿರುವ ಲ್ಯಾಕ್ಟೋಸ್ ಕಡಿಮೆಯಾಗುತ್ತದೆ, ಅದೇ ಪ್ರಮಾಣದಲ್ಲಿ ಪೋಷಕಾಂಶವೂ ಕಡಿಮೆಯಾಗುತ್ತದೆ.

ಪ್ರಶ್ನೆ: ಲ್ಯಾಕ್ಟೋಸ್ ರಹಿತ ಹಾಲು ಮತ್ತು ಲ್ಯಾಕ್ಟೇಸ್ ಮಾತ್ರೆಗಳನ್ನು ಬಳಸಬಹುದೇ?
ಉತ್ತರ: ಬಳಸಬಹುದು. ಲ್ಯಾಕ್ಟೋಸ್ ರಹಿತ ಹಾಲಿನಲ್ಲಿ ಸಕ್ಕರೆಯನ್ನು ಮೊದಲೇ ಒಡೆದಿರುತ್ತಾರೆ. ಆದುದರಿಂದ ಅದು ಸ್ವಲ್ಪ ಸಿಹಿಯಾಗಿರುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿರುವುದಿಲ್ಲ. ಮಾತ್ರೆಯನ್ನು ಹಾಲಿನ ಆಹಾರದ ಮೊದಲ ತುತ್ತಿನೊಡನೆ ತೆಗೆದುಕೊಳ್ಳಬೇಕು. ಅದರ ಪರಿಣಾಮ ಆ ಹೊತ್ತಿಗೆ ಮಾತ್ರ. ಇವು ಸಾಮಾನ್ಯ ಹಾಲಿಗಿಂತ ದುಬಾರಿ. ಮಜ್ಜಿಗೆ, ಮೊಸರು ಒಗ್ಗುವವರಿಗೆ ಇವುಗಳ ಅಗತ್ಯವಿಲ್ಲ.

ಪ್ರಶ್ನೆ: ಪ್ರತಿದಿನ ಸೇವಿಸುವ ಮಾತ್ರೆಗಳಲ್ಲಿ ಲ್ಯಾಕ್ಟೋಸ್ ಇರುತ್ತದೆಂದು ಕೇಳಿದ್ದೇವೆ. ಅವನ್ನು ನಿಲ್ಲಿಸಬೇಕೇ?
ಉತ್ತರ: ನಿಲ್ಲಿಸಬಾರದು. ಮಾತ್ರೆಗಳಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಬಹಳ ಕಡಿಮೆ. ಸಂದೇಹವಿದ್ದಲ್ಲಿ ವೈದ್ಯರನ್ನು ಕೇಳಿ.

ಪ್ರಶ್ನೆ: ಹಾಲು ಬೇಡವೇ ಬೇಡ ಎನ್ನುವವರು ಏನು ಮಾಡಬೇಕು?
ಉತ್ತರ: ಹಾಲು ಕುಡಿಯಲೇಬೇಕೆಂಬ ನಿಯಮವಿಲ್ಲ, ಕ್ಯಾಲ್ಸಿಯಂ ಬೇಕೇ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಅಗತ್ಯ. 100 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಎಳ್ಳು, ನುಗ್ಗೆಸೊಪ್ಪು, ದಂಟಿನ ಸೊಪ್ಪು, ಮುಳ್ಳು ಸಹಿತ ತಿನ್ನುವ ಸಣ್ಣ ಮೀನುಗಳೂ ಉತ್ತಮ ಮೂಲಗಳು. ಧಾನ್ಯ ಮತ್ತು ಸೊಪ್ಪುಗಳ ಕ್ಯಾಲ್ಸಿಯಂ ಪೂರ್ತಿಯಾಗಿ ದೇಹಕ್ಕೆ ದಕ್ಕುವುದಿಲ್ಲವಾದುದರಿಂದ ಒಂದನ್ನೇ ನೆಚ್ಚದೆ ಹಲವನ್ನು ಬಳಸಬೇಕು. ಯಾವುದನ್ನು ಬಿಟ್ಟಿರೋ ಅದರ ಬದಲಿಗೆ ಏನನ್ನು ಸೇರಿಸಿದಿರಿ ಎಂಬ ಪ್ರಶ್ನೆಗೆ ಉತ್ತರವಿರಬೇಕು.

12. ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಈ ಕೆಳಕಂಡ ಲಕ್ಷಣಗಳನ್ನು ಹಾಲಿನ ಅಸಹಿಷ್ಣುತೆಯೆಂದು ಭಾವಿಸಿ ಮನೆಯಲ್ಲಿ ಕಾಲಹರಣ ಮಾಡಬಾರದು:

(ಅ) ಮಲದಲ್ಲಿ ರಕ್ತ ಅಥವಾ ಕಪ್ಪು ಬಣ್ಣದ ಮಲ
(ಆ) ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ
(ಇ) ನಿದ್ದೆಯಿಂದ ಎಬ್ಬಿಸುವ ಭೇದಿ ಅಥವಾ ಹೊಟ್ಟೆನೋವು
(ಈ) ಜ್ವರದೊಡನೆ ಭೇದಿ
(ಉ) 50 ವರ್ಷ ದಾಟಿದವರಲ್ಲಿ ಹೊಸದಾಗಿ ಕಾಣಿಸಿಕೊಂಡ ಮಲವಿಸರ್ಜನೆಯ ಬದಲಾವಣೆ
(ಊ) ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು

ಇಂತಹ ಸಂದರ್ಭಗಳಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ತೆರಳುವುದು. ಹೋಗುವಾಗ 7ನೇ ಕಂಡಿಕೆಯಲ್ಲಿ ತಿಳಿಸಿರುವ ಪುಸ್ತಕವನ್ನು ಜೊತೆಗೆ ಕೊಂಡೊಯ್ದಲ್ಲಿ ವೈದ್ಯರಿಗೆ ಅನುಕೂಲವಾಗುತ್ತದೆ.

13. ವಿಶೇಷ ಸೂಚನೆ

ವೈದ್ಯರು ಯಾವುದೇ ಆಹಾರವನ್ನು ಬಿಡುವಂತೆ ಸೂಚಿಸಿದಾಗ "ಎಂದಿನವರೆಗೆ?" ಎಂದು ತಪ್ಪದೆ ಕೇಳಿ, ಉತ್ತರವನ್ನು ಔಷಧ ಚೀಟಿಯ ಮೇಲೆಯೇ ಬರೆಸಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ. ಮನೆಯಲ್ಲಿ ವಯಸ್ಸಾದವರು ಹಲವು ವರ್ಷಗಳಿಂದ ಹಾಲು, ಮೊಸರು ಬಿಟ್ಟಿದ್ದಲ್ಲಿ, ಏಕೆ ಬಿಟ್ಟರು, ಬದಲಿಗೆ ಏನು ತಿನ್ನುತ್ತಿದ್ದಾರೆ ಎಂದು ಮನೆಯವರು ಈ ವಾರವೇ ವಿಚಾರಿಸುವುದು ಒಳ್ಳೆಯದು.

ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ; ಇದು ವೈದ್ಯರ ಸಲಹೆಗೆ ಬದಲಿಯಲ್ಲ.